ಗೊತ್ತಿರುವುದು ಬೇರೆ, ಮೈಗೂಡುವುದು ಬೇರೆ

(ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ದೊಡ್ಡಪ್ಪ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದರು. ಮೇದೋಜೀರಕ ಗ್ರಂಥಿ ಎಲ್ಲಿದೆ, ಇನ್ಸುಲಿನ್ ಏನು ಮಾಡುತ್ತದೆ, ರಕ್ತದಲ್ಲಿ ಸಕ್ಕರೆ ಏರಿದರೆ ನರಗಳಿಗೆ ಏನಾಗುತ್ತದೆ, ಇದನ್ನೆಲ್ಲ 30 ವರ್ಷ ಮಕ್ಕಳಿಗೆ ಪಾಠ ಮಾಡಿದವರು. ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. ಅವರಿಗೇ 52ನೇ ವಯಸ್ಸಿಗೆ ಶುಗರ್ ಬಂತು. ಒಂದು ಯುಗಾದಿಯ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದಾಗ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ದೊಡ್ಡಪ್ಪ ಬಾಗಿಲ ಹಿಂದೆ ನಿಂತು ಹೋಳಿಗೆ ತಿನ್ನುತ್ತಿದ್ದರು. ಎಷ್ಟನೆಯದೋ ಏನೋ, ತುಪ್ಪ ಮಣಿಕಟ್ಟಿನವರೆಗೆ ಇಳಿದಿತ್ತು. ನನ್ನನ್ನು ನೋಡಿ ಅವರು ಬೆಚ್ಚಲಿಲ್ಲ. "ಗೊತ್ತು ಕಣೋ, ಎಲ್ಲಾ ಗೊತ್ತು" ಅಂದರು. ಕೆಲವು ವರ್ಷಗಳ ನಂತರ ಅವರ ಎಡಗಾಲಿನ ಎರಡು ಬೆರಳು ತೆಗೆಸಬೇಕಾಯಿತು.

ಎಲ್ಲಾ ಗೊತ್ತು. ಹಾಗಿದ್ದರೂ ಕೈ ಹೋಳಿಗೆಯ ಕಡೆಗೇ ಹೋಯಿತು. ಗೊತ್ತಿದ್ದೂ ಗೊತ್ತಿದ್ದೂ ನಾವು ಯಾಕೆ ತಪ್ಪುತ್ತೇವೆ? ನಾನು ಗ್ರೀಕರನ್ನು ಓದಲು ಶುರುಮಾಡಿದ್ದು ಈ ಪ್ರಶ್ನೆಯಿಂದಲ್ಲ, ಪರೀಕ್ಷೆಗಾಗಿ. ಆದರೆ ಓದುತ್ತಾ ಹೋದ ಹಾಗೆ ಅವರೂ ಇದೇ ಪ್ರಶ್ನೆಯ ಸುತ್ತ ಸುತ್ತಿದ್ದಾರೆ ಅನ್ನಿಸಿತು. ಜ್ಞಾನ ಅಂದರೇನು, ಒಳ್ಳೆಯ ನಡತೆ ಅಂದರೇನು, ಸುಖ ಅಂದರೇನು ಅಂತ ನಾವು ಮೂರು ಪಾಠ ಮಾಡುತ್ತೇವೆ. ಅವರಿಗೆ ಅವು ಮೂರಲ್ಲ. ಹೇಗೆ ಬಾಳಬೇಕು ಅನ್ನುವ ಒಂದೇ ಪ್ರಶ್ನೆ.

ಮೊದಲು ಸಾಕ್ರಟೀಸ್, ಗ್ರೀಸಿನ ಅಥೆನ್ಸ್ ನಗರದವನು. ಅಪ್ಪ ಕಲ್ಲು ಕೆತ್ತುವವನು, ತಾಯಿ ಸೂಲಗಿತ್ತಿ. ತಾನಾಗಿ ಒಂದು ಅಕ್ಷರವನ್ನೂ ಬರೆದಿಟ್ಟು ಹೋಗಲಿಲ್ಲ. ನಮಗೆ ಸಿಗುವ ಸಾಕ್ರಟೀಸ್ ಜಾಸ್ತಿ ಪಾಲು ಅವನ ಶಿಷ್ಯ ಪ್ಲೇಟೋ ಬರೆದ ಸಂವಾದಗಳಲ್ಲಿ ಇರುವವನು. ಅಂಥ ಒಂದು ಸಂವಾದದಲ್ಲಿ ನಮ್ಮ ದೊಡ್ಡಪ್ಪನ ಪ್ರಶ್ನೆ ನೇರವಾಗಿಯೇ ಬರುತ್ತದೆ. ಜನ ಜ್ಞಾನವನ್ನು ಒಬ್ಬ ಆಳಿನ ಹಾಗೆ ನೋಡುತ್ತಾರೆ ಅನ್ನುತ್ತಾನೆ ಸಾಕ್ರಟೀಸ್. ಕೋಪ, ಸುಖ, ನೋವು, ಮೋಹ, ಭಯ, ಯಾವುದು ಬಂದರೂ ಅದರ ಜುಟ್ಟು ಹಿಡಿದು ಎಳೆದಾಡಬಹುದು ಅಂದುಕೊಂಡಿದ್ದಾರೆ. ನಾನು ಹಾಗೆ ಒಪ್ಪುವುದಿಲ್ಲ ಅನ್ನುತ್ತಾನೆ ಅವನು. ಜ್ಞಾನ ಆಳಲ್ಲ, ಆಳುವಂಥದ್ದು. ಯಾವುದು ಒಳ್ಳೆಯದು ಅಂತ ನಿಜವಾಗಿ ತಿಳಿದವನು ಬೇರೆಯದನ್ನು ಮಾಡಲಾರ. ಬೇಕೆಂದು ಯಾರೂ ತಪ್ಪು ಮಾಡುವುದಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಬಾಗಿಲ ಹಿಂದಿನ ದೊಡ್ಡಪ್ಪನನ್ನು ಇವನು ನೋಡಿಲ್ಲ ಅನ್ನಿಸಿತು. ಆದರೆ ಮುಂದಿನ ಮಾತು ಕೇಳಿ. ಒಂದೇ ಅಳತೆಯ ವಸ್ತು ಹತ್ತಿರ ಇದ್ದರೆ ದೊಡ್ಡದಾಗಿ, ದೂರ ಇದ್ದರೆ ಚಿಕ್ಕದಾಗಿ ಕಾಣುತ್ತದೆ ಅಲ್ವಾ? ಸುಖ ದುಃಖಗಳೂ ಹಾಗೆಯೇ. ಕೈಯಲ್ಲಿರುವ ಹೋಳಿಗೆ ಹತ್ತಿರ ಇದೆ, ಅದಕ್ಕೇ ದೊಡ್ಡದು. ಕಾಲಿನ ಬೆರಳು ಹೋಗುವ ದಿನ ಎಷ್ಟೋ ವರ್ಷ ಆಚೆಗಿದೆ, ಅದಕ್ಕೇ ಸಾಸಿವೆ ಕಾಳು. ಹೋಳಿಗೆ ನಾನು ಸೇರಿಸಿದ್ದು, ಆದರೆ ಹತ್ತಿರ ಮತ್ತು ದೂರದ ಮಾತು ಅವನದೇ. ಈ ಮೋಸವನ್ನು ಸರಿಮಾಡಲು ಅಳೆಯುವ ಒಂದು ವಿದ್ಯೆ ಬೇಕು ಅನ್ನುತ್ತಾನೆ. "ಗೊತ್ತಿದ್ದೂ ಮಾಡಿದೆ" ಅನ್ನುವವನಿಗೆ ಆ ಕ್ಷಣದಲ್ಲಿ ನಿಜವಾಗಿ ಗೊತ್ತಿರಲಿಲ್ಲ, ಅಳತೆ ತಪ್ಪಿತ್ತು. ಹೀಗೆ ಹೇಳಿದಾಗ ಅವನ ಮಾತಿಗೆ ಒಂದು ತೂಕ ಬರುತ್ತದೆ. ದೊಡ್ಡಪ್ಪನಿಗೆ ಇನ್ಸುಲಿನ್ ಗೊತ್ತಿತ್ತು. ಆ ಮಧ್ಯಾಹ್ನ ತನ್ನ ಕಾಲು ಗೊತ್ತಿರಲಿಲ್ಲ.

ಈಗ ನಾನು ತುಂಬಾ ಇಷ್ಟಪಡುವ ಇನ್ನೊಂದು ಸಂವಾದಕ್ಕೆ ಬರುತ್ತೇನೆ. ಅದರ ಹೆಸರು ಲಾಕೀಸ್. ಚಿಕ್ಕದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಇಬ್ಬರು ವಯಸ್ಸಾದ ಅಪ್ಪಂದಿರು ಬರುತ್ತಾರೆ. ಇಬ್ಬರೂ ದೊಡ್ಡವರ ಮಕ್ಕಳು. ಅವರಲ್ಲಿ ಒಬ್ಬನ ಅಪ್ಪ ನ್ಯಾಯವಂತನೆಂದು ಇಡೀ ಗ್ರೀಸಿಗೆ ಹೆಸರಾದ ಅರಿಸ್ಟೈಡೀಸ್. ಅವರು ಹೇಳಿಕೊಳ್ಳುವುದನ್ನು ಕೇಳಿದರೆ ಕರುಳು ಚುರ್ ಅನ್ನುತ್ತದೆ. ನಮ್ಮ ಅಪ್ಪಂದಿರ ಸಾಧನೆಯನ್ನು ಮಕ್ಕಳಿಗೆ ಹೇಳುತ್ತೇವೆ, ನಮ್ಮದು ಅಂತ ಹೇಳಿಕೊಳ್ಳಲು ಏನೂ ಇಲ್ಲ, ನಾಚಿಕೆಯಾಗುತ್ತದೆ. ಅವರು ಊರಿನ ಕೆಲಸದಲ್ಲಿ ಮುಳುಗಿ ನಮ್ಮನ್ನು ಸುಮ್ನೆ ಬಿಟ್ಟುಬಿಟ್ಟರು. ನಮ್ಮ ಹುಡುಗರಿಗೆ ಹಾಗಾಗಬಾರದು. ಆಯುಧ ತೊಟ್ಟು ಕಾದಾಡುವುದನ್ನು ಒಬ್ಬ ಕಲಿಸುತ್ತಾನಂತೆ, ಕಲಿಸಬೇಕೋ ಬೇಡವೋ ಹೇಳಿ. ಹೀಗೆಂದು ಅವರು ಇಬ್ಬರು ಸೇನಾಪತಿಗಳನ್ನು ಕೇಳುತ್ತಾರೆ. ಒಬ್ಬ ಲಾಕೀಸ್, ಇನ್ನೊಬ್ಬ ನಿಕಿಯಸ್. ಒಬ್ಬ ಕಲಿಸಬೇಡಿ ಅನ್ನುತ್ತಾನೆ, ಇನ್ನೊಬ್ಬ ಕಲಿಸಿ ಅನ್ನುತ್ತಾನೆ. ಪಕ್ಕದಲ್ಲಿದ್ದ ಸಾಕ್ರಟೀಸನನ್ನು ಕರೆಯುತ್ತಾರೆ, ನೀನು ಯಾರ ಕಡೆ ಹೇಳು, ಬಹುಮತ ನೋಡೋಣ ಅಂತ.

ಸಾಕ್ರಟೀಸ್ ಕೈ ಎತ್ತುವುದಿಲ್ಲ. ಆಯುಧದ ಮಾತು ಆಮೇಲೆ, ಹುಡುಗರಲ್ಲಿ ಧೈರ್ಯ ಬೆಳೆಯಲಿ ಅಂತ ತಾನೇ ನಿಮ್ಮ ಆಸೆ, ಹಾಗಾದರೆ ಧೈರ್ಯ ಅಂದರೇನು ಅಂತ ಕೇಳುತ್ತಾನೆ.

ಲಾಕೀಸ್ ಸಿಪಾಯಿ ಮನುಷ್ಯ. ಅದರಲ್ಲಿ ಕಷ್ಟ ಏನಿದೆ, ತನ್ನ ಜಾಗ ಬಿಡದೆ ನಿಂತು ಶತ್ರುವನ್ನು ಎದುರಿಸಿ ಓಡದವನು ಧೈರ್ಯವಂತ ಅನ್ನುತ್ತಾನೆ. ಸಾಕ್ರಟೀಸ್ ಮೆಲ್ಲಗೆ ಕೇಳುತ್ತಾನೆ. ಸಿಥಿಯನ್ ಸವಾರರು ಓಡುತ್ತಲೇ ಹೊಡೆಯುತ್ತಾರಲ್ಲ? ಪ್ಲಟೇಯ ಯುದ್ಧದಲ್ಲಿ ಸ್ಪಾರ್ಟಾದವರು ಹಿಂದೆ ಸರಿದು, ಆಮೇಲೆ ತಿರುಗಿಬಿದ್ದು ಗೆದ್ದರಲ್ಲ? ಯುದ್ಧ ಬಿಡಿ, ಕಾಯಿಲೆಯಲ್ಲಿ, ಬಡತನದಲ್ಲಿ, ತನ್ನ ಆಸೆಯ ಎದುರಿನಲ್ಲಿ ಧೈರ್ಯ ಇರುವುದಿಲ್ಲವೇ? ಲಾಕೀಸ್ ಬದಲಿಸುತ್ತಾನೆ. ಹಾಗಾದರೆ ಧೈರ್ಯ ಅಂದರೆ ಮನಸ್ಸಿನ ತಾಳಿಕೆ. ಯಾವ ತಾಳಿಕೆ? ಬಾವಿಗೆ ಇಳಿಯುವ ಕಸುಬು ಗೊತ್ತಿಲ್ಲದೆ ಇಳಿಯುವವನು ಗೊತ್ತಿದ್ದವನಿಗಿಂತ ಧೈರ್ಯವಂತನೋ, ಹುಚ್ಚನೋ? ಲಾಕೀಸ್ ಸಿಕ್ಕಿಬೀಳುತ್ತಾನೆ. ನನಗೆ ಒಳಗೆ ಗೊತ್ತಿದೆ, ಬಾಯಿಗೆ ಬರುತ್ತಿಲ್ಲ ಅಂತ ಕೊರಗುತ್ತಾನೆ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಲಾಕೀಸ್ ಬಾಯಲ್ಲಿ ಸೋತವನು, ಹೇಡಿಯಲ್ಲ. ಕ್ರಿ.ಪೂ. 424ರಲ್ಲಿ ಡೀಲಿಯಮ್ ಎಂಬಲ್ಲಿ ಅಥೆನ್ಸ್ ಸೋತು ಓಡಿದಾಗ ಅವನೂ ಸಾಕ್ರಟೀಸನೂ ಜೊತೆಯಲ್ಲೇ ಹಿಂದೆ ಸರಿದರು. ಅದನ್ನು ಕುದುರೆಯ ಮೇಲಿಂದ ಕಂಡವನು ಸಾಕ್ರಟೀಸನ ಕಿರಿಯ ಗೆಳೆಯ ಅಲ್ಸಿಬಯಡೀಸ್. ಸಾಕ್ರಟೀಸ್ ಅಥೆನ್ಸಿನ ಬೀದಿಯಲ್ಲಿ ನಡೆಯುವ ಹಾಗೇ ನಡೆಯುತ್ತಿದ್ದ, ತನ್ನವರನ್ನೂ ಶತ್ರುಗಳನ್ನೂ ಒಂದೇ ಸಮಾಧಾನದಿಂದ ನೋಡುತ್ತಿದ್ದ ಎಂದು ಅವನು ಹೇಳಿದ್ದಾಗಿ ಪ್ಲೇಟೋ ಬರೆಯುತ್ತಾನೆ. ಈ ನಡಿಗೆಗೆ ಮತ್ತೆ ಬರುತ್ತೇನೆ.

ಈಗ ನಿಕಿಯಸ್. ಇವನು ಓದಿದವನು, ಜಾಣ. ಧೈರ್ಯ ಅಂದರೆ ಒಂದು ಬಗೆಯ ತಿಳಿವಳಿಕೆ ಅನ್ನುತ್ತಾನೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಅನ್ನುವ ತಿಳಿವಳಿಕೆ. ಲಾಕೀಸ್ ಕೆಣಕುತ್ತಾನೆ, ಹಾಗಾದರೆ ಕಣಿ ಹೇಳುವವರೇ ಧೈರ್ಯವಂತರೋ? ಅಲ್ಲ ಅನ್ನುತ್ತಾನೆ ನಿಕಿಯಸ್. ಕಣಿ ಹೇಳುವವನಿಗೆ ಏನು ಆಗುತ್ತದೆ ಅನ್ನುವ ಗುರುತು ಮಾತ್ರ ಗೊತ್ತು. ಆಗುವುದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ತೀರ್ಪು ಅವನದಲ್ಲ. ಸಾಕ್ರಟೀಸ್ ಅದಕ್ಕೆ ಒಂದು ಮಾತು ಸೇರಿಸುತ್ತಾನೆ. ಯುದ್ಧಭೂಮಿಯಲ್ಲಿ ಸೇನಾಪತಿ ಕಣಿಯವನಿಗೆ ಆಜ್ಞೆ ಮಾಡಬೇಕೇ ಹೊರತು ಕಣಿಯವನು ಸೇನಾಪತಿಗಲ್ಲ, ಕಾನೂನೂ ಹಾಗೆಯೇ ಇದೆ.

ಓದುವವರು ಈ ಸಾಲನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಅಥೆನ್ಸಿನವರು ದಾಟಿರಲಾರರು. ಯಾಕೆಂದರೆ ನಿಕಿಯಸ್‌ಗೆ ಆಮೇಲೆ ಏನಾಯಿತು ಅನ್ನುವುದು ಅವರಿಗೆ ಗೊತ್ತಿತ್ತು.

ಕ್ರಿ.ಪೂ. 415ರಲ್ಲಿ ಅಥೆನ್ಸ್ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರವನ್ನು ಗೆಲ್ಲಲು ದೊಡ್ಡ ನೌಕಾಪಡೆ ಕಳಿಸಿತು. ನಿಕಿಯಸ್ ಅದರ ಸೇನಾಪತಿಗಳಲ್ಲಿ ಒಬ್ಬ. ಎರಡು ವರ್ಷದಲ್ಲಿ ಕೆಲಸ ಕೆಟ್ಟಿತು. ಜೌಗು ನೆಲದ ಬೀಡಿನಲ್ಲಿ ಸೈನಿಕರಿಗೆ ಕಾಯಿಲೆ. ರಾತ್ರಿ ಮಾಡಿದ ದಾಳಿ ವಿಫಲ. ಕೊನೆಗೆ ಸದ್ದಿಲ್ಲದೆ ಹಡಗು ಹತ್ತಿ ಹೊರಟುಬಿಡೋಣ ಅಂತ ತೀರ್ಮಾನವಾಯಿತು. ಎಲ್ಲ ಸಿದ್ಧವಾಗಿತ್ತು. ಅದು ಕ್ರಿ.ಪೂ. 413ರ ಆಗಸ್ಟ್ 27. ಹುಣ್ಣಿಮೆ. ಆ ರಾತ್ರಿ ಚಂದ್ರಗ್ರಹಣ ಹಿಡಿಯಿತು.

ಸೈನಿಕರು ಹೆದರಿದರು. ಕಣಿಯವರು ಮೂರು ಒಂಬತ್ತು ದಿನ, ಅಂದರೆ 27 ದಿನ, ಕದಲಬಾರದು ಅಂದರು. ಅಷ್ಟು ದಿನ ಆಗುವವರೆಗೆ ಹೊರಡುವ ಮಾತನ್ನೇ ಎತ್ತುವುದಿಲ್ಲ ಅಂದ ನಿಕಿಯಸ್. ಅವನ ನಂಬಿಕೆಯ ಕಣಿಯವನು, ಅವನ ಭಯವನ್ನು ಎಷ್ಟೋ ಸಲ ತಿಳಿಗೊಳಿಸುತ್ತಿದ್ದ ಸ್ಟಿಲ್ಬಿಡೀಸ್, ಸ್ವಲ್ಪ ದಿನದ ಹಿಂದಷ್ಟೇ ತೀರಿಕೊಂಡಿದ್ದ ಎಂದು ಮುಂದೆ ಅವನ ಜೀವನಚರಿತ್ರೆ ಬರೆದ ಪ್ಲುಟಾರ್ಕ್ ಹೇಳುತ್ತಾನೆ. ಸಿರಾಕ್ಯೂಸಿನವರಿಗೆ ಸುದ್ದಿ ಸಿಕ್ಕಿತು. ಅವರು 27 ದಿನ ಕಾಯಲಿಲ್ಲ. ಬಂದರಿನೊಳಗೇ ಅಥೆನ್ಸಿನ ಹಡಗುಗಳನ್ನು ಮುರಿದರು. ಉಳಿದವರು ಕಾಲ್ನಡಿಗೆಯಲ್ಲಿ ಹೊರಟು, ದಾರಿಯಲ್ಲಿ ನೀರಿಲ್ಲದೆ ಬಿದ್ದು, ಕೊನೆಗೆ ಶರಣಾದರು. 7000ಕ್ಕೆ ಕಡಿಮೆಯಿಲ್ಲದ ಕೈದಿಗಳನ್ನು ಕಲ್ಲಿನ ಕ್ವಾರಿಗಳಿಗೆ ಇಳಿಸಿದರು. ದಿನಕ್ಕೆ ಒಬ್ಬನಿಗೆ ಸುಮಾರು ಕಾಲು ಲೀಟರ್ ನೀರು, ಅರ್ಧ ಲೀಟರ್ ಅಳತೆಯ ಧಾನ್ಯ. ಹಗಲು ಬಿಸಿಲು, ರಾತ್ರಿ ಚಳಿ, ಸತ್ತವರ ಹೆಣಗಳು ಪಕ್ಕದಲ್ಲೇ. ನಿಕಿಯಸ್‌ನನ್ನು ಕೊಂದರು. ಇದನ್ನೆಲ್ಲ ಬರೆದ ಇತಿಹಾಸಕಾರ ಥ್ಯುಸಿಡೈಡೀಸ್, ನಿಕಿಯಸ್ ಶಕುನಗಳಿಗೆ ಸ್ವಲ್ಪ ಜಾಸ್ತಿಯೇ ಒಲಿದಿದ್ದ ಅನ್ನುತ್ತಾನೆ. ಆದರೆ ಜೊತೆಗೇ ಇನ್ನೊಂದು ಮಾತನ್ನೂ ಹೇಳುತ್ತಾನೆ. ನನ್ನ ಕಾಲದ ಗ್ರೀಕರಲ್ಲಿ ಬೇರೆ ಯಾರಿಗೆ ಸಂದರೂ, ಬದುಕಿನುದ್ದಕ್ಕೂ ಒಳ್ಳೆಯ ನಡತೆಯನ್ನು ಹಿಡಿದು ನಡೆದ ಈ ಮನುಷ್ಯನಿಗೆ ಇಂಥ ಕೊನೆ ಸಲ್ಲಬಾರದಿತ್ತು.

ನಿಕಿಯಸ್ ಕೆಟ್ಟವನಲ್ಲ. ಯಾವುದಕ್ಕೆ ಹೆದರಬೇಕು ಅಂತ ತಿಳಿಯುವುದೇ ಧೈರ್ಯ ಅಂತ ಬಾಯಿ ತುಂಬ ಹೇಳಿದವನು ಅವನೇ. ಆ ರಾತ್ರಿ ಯಾವುದಕ್ಕೆ ಹೆದರಬೇಕಿತ್ತು? ಆಕಾಶದಲ್ಲಿ ಕೆಂಪಾದ ಚಂದ್ರನಿಗೋ, ನೀರಿನಲ್ಲಿ ಕಾಯುತ್ತಿದ್ದ ಶತ್ರುವಿನ ಹಡಗಿಗೋ? ಹೇಳಲು ಬಂದದ್ದು ಮಾಡಲು ಬರಲಿಲ್ಲ. ಪ್ಲೇಟೋ ಈ ಸಂವಾದ ಬರೆದದ್ದು ಇದೆಲ್ಲ ಆದ ಮೇಲೆ. ಬೇಕೆಂದೇ ಆ ಮಾತನ್ನು ನಿಕಿಯಸ್‌ನ ಬಾಯಲ್ಲಿ ಇಟ್ಟ ಅಂತ ನಾನು ನಂಬುತ್ತೇನೆ. ಸಂವಾದದಲ್ಲಿ ಧೈರ್ಯಕ್ಕೆ ವ್ಯಾಖ್ಯಾನ ಸಿಗುವುದಿಲ್ಲ. ನಮಗೇ ಒಬ್ಬ ಮೇಷ್ಟ್ರು ಬೇಕು, ನಾಚಿಕೊಳ್ಳದೆ ಹುಡುಗರ ಜೊತೆ ಕೂತು ಕಲಿಯೋಣ ಅನ್ನುತ್ತಾನೆ ಸಾಕ್ರಟೀಸ್. ನಾಳೆ ಬೆಳಿಗ್ಗೆ ಮನೆಗೆ ಬಾ ಅನ್ನುತ್ತಾನೆ ಆ ಮುದಿ ತಂದೆ. ಬರುತ್ತೇನೆ, ದೇವರ ಚಿತ್ತವಿದ್ದರೆ ಅನ್ನುತ್ತಾನೆ ಇವನು.

ಇಲ್ಲಿ ಎರಡು ಗ್ರೀಕ್ ಪದಗಳ ಬಗ್ಗೆ ಹೇಳಬೇಕು. ಯೂಡೈಮೋನಿಯ ಅಂತ ಒಂದು ಪದ. ಇಂಗ್ಲಿಷಿನ ಹ್ಯಾಪಿನೆಸ್ ಮೂಲಕ ನಮಗೆ ಬಂದು ಸುಖ ಅಥವಾ ಆನಂದ ಆಗಿಬಿಟ್ಟಿದೆ. ಆದರೆ ಅದು ಒಂದು ಹೊತ್ತಿನ ಖುಷಿಯಲ್ಲ, ಮನಸ್ಸಿನ ಒಂದು ಸ್ಥಿತಿಯೂ ಅಲ್ಲ. ಇಡೀ ಬಾಳು ಹಸನಾಗುವುದು. ಗ್ರೀಕರು ಇದನ್ನೇ ಚೆನ್ನಾಗಿ ಬಾಳುವುದು, ಚೆನ್ನಾಗಿ ಮಾಡುವುದು ಅಂತಲೂ ಅನ್ನುತ್ತಿದ್ದರು. ನಾವೂ ಅಷ್ಟೇ. "ಚೆನ್ನಾಗಿ ಬಾಳಿದವರು" ಅಂದಾಗ ಅನುಕೂಲವಾಗಿ ಬದುಕಿದರು ಅನ್ನುವ ಅರ್ಥವೂ ಇದೆ, ಮರ್ಯಾದೆಯಾಗಿ ಬದುಕಿದರು ಅನ್ನುವ ಅರ್ಥವೂ ಇದೆ. ಈ ಎರಡು ಅರ್ಥ ಒಂದೇ ಮಾತಿನಲ್ಲಿ ಯಾಕೆ ಕೂತಿವೆ, ಅವು ನಿಜಕ್ಕೂ ಒಂದೇನಾ ಅನ್ನುವುದೇ ಅವರ ಜಗಳ. ಇನ್ನೊಂದು ಪದ ಅರೆತೆ. ಸದ್ಗುಣ ಅಂತ ಅನುವಾದಿಸಿದರೆ ನೀತಿಪಾಠದ ವಾಸನೆ ಬರುತ್ತದೆ. ಗ್ರೀಕರಿಗೆ ಕುದುರೆಗೂ ಅರೆತೆ ಇದೆ, ಕಣ್ಣಿಗೂ ಇದೆ, ಚೂರಿಗೂ ಇದೆ. ಚೂರಿಯದು ಚೆನ್ನಾಗಿ ಕೊಯ್ಯುವುದು. ಹಾಗಾದರೆ ಮನುಷ್ಯನದು ಯಾವುದು?

ಪ್ಲೇಟೋನ ಇನ್ನೊಂದು ಸಂವಾದದಲ್ಲಿ ಮೆನೋ ಅನ್ನುವ ಶ್ರೀಮಂತ ಯುವಕ ಇದನ್ನು ಕಲಿಸಬಹುದೇ ಅಂತ ಕೇಳುತ್ತಾನೆ. ಅಲ್ಲಿ ಸಾಕ್ರಟೀಸ್ ಕೊಡುವ ಹೋಲಿಕೆ ನನಗೆ ಸದಾ ನೆನಪಿಗೆ ಬರುತ್ತದೆ. ಲರಿಸ್ಸಾ ಊರಿಗೆ ಹೋಗುವ ದಾರಿ ತಿಳಿದವನೂ ತಲುಪಿಸುತ್ತಾನೆ, ಬರೀ ಸರಿಯಾಗಿ ಊಹಿಸಿದವನೂ ತಲುಪಿಸುತ್ತಾನೆ. ಹಾಗಾದರೆ ತಿಳಿವಳಿಕೆಗೂ ಸರಿಯಾದ ಊಹೆಗೂ ಏನು ವ್ಯತ್ಯಾಸ? ಗ್ರೀಕ್ ಪುರಾಣದ ಶಿಲ್ಪಿ ಡೀಡಲಸ್ ಮಾಡಿದ ವಿಗ್ರಹಗಳು ಕಟ್ಟಿಹಾಕದಿದ್ದರೆ ರಾತ್ರಿ ಎದ್ದು ಓಡಿಹೋಗುತ್ತವಂತೆ. ಸರಿಯಾದ ಅಭಿಪ್ರಾಯಗಳೂ ಹಾಗೆಯೇ. ಇರುವಷ್ಟು ಹೊತ್ತು ಚೆನ್ನಾಗಿರುತ್ತವೆ, ಆಮೇಲೆ ಓಡಿಹೋಗುತ್ತವೆ. ಯಾಕೆ ಅನ್ನುವ ಕಾರಣದ ಹಗ್ಗ ಹಾಕಿ ಕಟ್ಟಿದರೆ ಮಾತ್ರ ನಿಲ್ಲುತ್ತವೆ. ನಿಕಿಯಸ್‌ನ ಮಾತು ಆ ಗ್ರಹಣದ ರಾತ್ರಿ ಎದ್ದು ಓಡಿಹೋಯಿತು.

ಅದೇ ಸಂವಾದದಲ್ಲಿ ಸಾಕ್ರಟೀಸ್ ಮೆನೋನ ಮನೆಯ ಒಬ್ಬ ಗುಲಾಮ ಹುಡುಗನನ್ನು ಕರೆದು ನೆಲದ ಮೇಲೆ ಚೌಕ ಬರೆಯುತ್ತಾನೆ. ಬದಿ ಎರಡಡಿ, ವಿಸ್ತೀರ್ಣ 4. ಇದರ ಎರಡರಷ್ಟು ದೊಡ್ಡ ಚೌಕಕ್ಕೆ ಬದಿ ಎಷ್ಟು? ಹುಡುಗ 4 ಅಡಿ ಅನ್ನುತ್ತಾನೆ. ಅದು 16 ಆಗುತ್ತದೆ. 3 ಅನ್ನುತ್ತಾನೆ. ಅದು 9. "ದೇವರಾಣೆ, ನನಗೆ ಗೊತ್ತಿಲ್ಲ" ಅನ್ನುತ್ತಾನೆ. ಈಗ ಇವನು ಮೊದಲಿಗಿಂತ ಮೇಲು ಅನ್ನುತ್ತಾನೆ ಸಾಕ್ರಟೀಸ್. ಆಮೇಲೆ ಹುಡುಗ ಕರ್ಣದ ಮೇಲೆ ಚೌಕ ಕಟ್ಟಬೇಕು ಅನ್ನುವುದನ್ನು ಕಾಣುತ್ತಾನೆ. ಎಷ್ಟು ಸುಂದರ ಘಳಿಗೆ! ಆದರೆ ಆ ಹುಡುಗನಿಗೆ ಹೆಸರಿಲ್ಲ. ಲೆಕ್ಕ ಮುಗಿದ ಮೇಲೆ ದೊಡ್ಡವರು ಮತ್ತೆ ಅರೆತೆಯ ಮಾತಿಗೆ ಹೋಗುತ್ತಾರೆ. ಹೇಗೆ ಬಾಳಬೇಕು ಅಂತ ಅವನನ್ನು ಯಾರೂ ಕೇಳುವುದಿಲ್ಲ. ಇಷ್ಟೆಲ್ಲ ಯೋಚಿಸಿದವರಿಗೆ ಇದು ಕಾಣಲಿಲ್ಲವಲ್ಲ ಅಂತ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಅರಿಸ್ಟಾಟಲ್‌ಗೆ ಬರೋಣ. ಉತ್ತರದ ಸ್ಟಗಿರಾ ಊರಿನವನು, ಹುಟ್ಟಿದ್ದು ಕ್ರಿ.ಪೂ. 384. ಅಪ್ಪ ಮೆಸಿಡೋನಿಯದ ರಾಜನ ವೈದ್ಯ. ಹದಿನೇಳರ ಹುಡುಗ ಪ್ಲೇಟೋನ ಹತ್ತಿರ ಬಂದು 20 ವರ್ಷ ಉಳಿದ. ವೈದ್ಯನ ಮಗ ಅನ್ನುವುದು ಅವನ ಮಾತಿನಲ್ಲಿ ಕಾಣುತ್ತದೆ. ಬರೀ ಉಪನ್ಯಾಸ ಕೇಳಿ ಒಳ್ಳೆಯವರಾಗುತ್ತೇವೆ ಅಂದುಕೊಂಡವರು, ವೈದ್ಯ ಹೇಳಿದ್ದನ್ನು ಕಿವಿಗೊಟ್ಟು ಕೇಳಿ ಹೇಳಿದ್ದೊಂದನ್ನೂ ಮಾಡದ ರೋಗಿಗಳ ಹಾಗೆ ಅನ್ನುತ್ತಾನೆ. ಇದನ್ನು ಓದಿದಾಗ ದೊಡ್ಡಪ್ಪನ ಮುಖ ನೆನಪಾಗದೆ ಇರಲಿಲ್ಲ.

ಸಾಕ್ರಟೀಸನ ಮಾತು ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾಗಿದೆ ಅಂತ ಅವನು ನೇರವಾಗಿ ಹೇಳುತ್ತಾನೆ. ಜನ ಗೊತ್ತಿದ್ದೂ ತಪ್ಪುತ್ತಾರೆ, ಅದು ಇದ್ದದ್ದೇ. ಆದರೆ "ಗೊತ್ತು" ಅನ್ನುವುದರಲ್ಲೇ ಬಗೆಗಳಿವೆ. ನಿದ್ದೆಯಲ್ಲಿರುವವನಿಗೂ ಗೊತ್ತು, ಕುಡಿದವನಿಗೂ ಗೊತ್ತು. ಕುಡಿದವನು ತತ್ವಜ್ಞಾನಿ ಕವಿ ಎಂಪಿಡೋಕ್ಲೀಸನ ಪದ್ಯವನ್ನು ತಪ್ಪಿಲ್ಲದೆ ಹೇಳಬಲ್ಲ. ಈಗಷ್ಟೇ ಪಾಠ ಶುರುಮಾಡಿದ ವಿದ್ಯಾರ್ಥಿಯೂ ವಾಕ್ಯ ಜೋಡಿಸಬಲ್ಲ. ಅದು ಅವನಿಗೆ ಇನ್ನೂ ಗೊತ್ತಾಗಿಲ್ಲ. ಯಾಕೆಂದರೆ ಅದು ಅವನ ಜೊತೆ ಬೆಳೆದು ಒಂದಾಗಬೇಕು, ಅದಕ್ಕೆ ಕಾಲ ಬೇಕು. ಬೆಳೆದು ಒಂದಾಗುವುದು ಅನ್ನುವುದಕ್ಕೆ ಅವನು ಬಳಸುವ ಒಂದೇ ಕ್ರಿಯಾಪದವಿದೆ. ಅದನ್ನು ಕನ್ನಡಕ್ಕೆ ತರಲು ನಾನು ಬಹಳ ದಿನ ಒದ್ದಾಡಿದೆ. ಒಂದು ದಿನ ಅಮ್ಮ ನೆರೆಮನೆಯ ಹುಡುಗಿಯ ಹಾಡಿನ ಬಗ್ಗೆ ಮಾತಾಡುತ್ತಾ "ರಾಗ ಗೊತ್ತಿದೆ, ಇನ್ನೂ ಮೈಗೂಡಿಲ್ಲ" ಅಂದಳು. ನಾನು ಹುಡುಕುತ್ತಿದ್ದ ಪದ ನಮ್ಮ ಮನೆಯಲ್ಲೇ ಇತ್ತು. ಮೈಗೂಡುವುದು.

ಮೈಗೂಡುವುದು ಹೇಗೆ? ಮಾಡಿ ಮಾಡಿ. ಮನೆ ಕಟ್ಟಿ ಕಟ್ಟಿಯೇ ಗಾರೆ ಕೆಲಸದವನು ಆಗುವುದು, ತಂತಿ ನುಡಿಸಿ ನುಡಿಸಿಯೇ ವಾದಕ ಆಗುವುದು. ನ್ಯಾಯದ ಕೆಲಸ ಮಾಡಿ ನ್ಯಾಯವಂತ, ಧೈರ್ಯದ ಕೆಲಸ ಮಾಡಿ ಧೈರ್ಯವಂತ. ಇಲ್ಲಿ ಗ್ರೀಕಿನ ಒಂದು ಚಂದವನ್ನು ಕನ್ನಡ ಕಿವಿ ಚೆನ್ನಾಗಿ ಹಿಡಿಯುತ್ತದೆ. ಎಥೊಸ್ ಅಂದರೆ ರೂಢಿ. ಏಥೊಸ್ ಅಂದರೆ ಶೀಲ, ನಡತೆ. ಎ ಅನ್ನು ಸ್ವಲ್ಪ ಎಳೆದರೆ ಏ. ಶೀಲ ಅನ್ನುವ ಪದ ರೂಢಿ ಅನ್ನುವ ಪದದಿಂದ ಸ್ವಲ್ಪವೇ ಬದಲಾಗಿ ಬಂದದ್ದು ಅಂತ ಅರಿಸ್ಟಾಟಲ್ ತಾನೇ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ. ನಮಗೆ ಎ ಬೇರೆ, ಏ ಬೇರೆ. ರೂಢಿಯನ್ನು ದೀರ್ಘ ಎಳೆದರೆ ಶೀಲ.

ಹಾಗಾಗಿ ಅವನಿಗೆ ಸುಖವೂ ಒಂದು ದಿನದ ಮಾತಲ್ಲ. ಒಂದು ಕವಲುತೋಕೆ ಹಕ್ಕಿ ಬಂದ ಮಾತ್ರಕ್ಕೆ ವಸಂತ ಬಂದ ಹಾಗಲ್ಲ ಅನ್ನುವ ಮಾತು ಅವನು ಹೇಳಿದ್ದೇ. ಅದೃಷ್ಟದ ಪಾಲನ್ನೂ ಅವನು ಮುಚ್ಚಿಡುವುದಿಲ್ಲ. ಟ್ರಾಯ್ ನಗರದ ರಾಜ ಪ್ರಯಮ್ ಇಡೀ ಬಾಳು ಚೆನ್ನಾಗಿ ಬಾಳಿ, ಮುಪ್ಪಿನಲ್ಲಿ ಮಕ್ಕಳನ್ನೂ ಊರನ್ನೂ ಕಳೆದುಕೊಂಡ. ಅವನನ್ನು ಸುಖಿ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಈ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಇದೇ ಅರಿಸ್ಟಾಟಲ್, ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಅಂತಲೂ ಬರೆದ. ಇದು ತಪ್ಪು, ಇದಕ್ಕೆ ಕಾಲದ ನೆಪ ಹೇಳಲು ನನಗೆ ಮನಸ್ಸಿಲ್ಲ. ಅವನ ಮಾತಿಗೆ ಉತ್ತರ ಕೊಡುವಂತೆ ಸುಮಾರು 400 ವರ್ಷದ ನಂತರ ಅದೇ ಗ್ರೀಕ್ ಭಾಷೆಯಲ್ಲಿ ಎಪಿಕ್ಟಿಟಸ್ ಪಾಠ ಹೇಳಿದ. ಅವನು ಗುಲಾಮನಾಗಿದ್ದವನು, ಕಾಲು ಕುಂಟು. ಕುರಿಗಳು ಎಷ್ಟು ಮೇವು ತಿಂದೆವು ಅಂತ ಕುರುಬನಿಗೆ ತಂದು ತೋರಿಸುವುದಿಲ್ಲ, ಒಳಗೆ ಅರಗಿಸಿಕೊಂಡು ಹೊರಗೆ ಉಣ್ಣೆ ಮತ್ತು ಹಾಲು ಕೊಡುತ್ತವೆ ಅಂದ. ನೀನೂ ಓದಿದ್ದನ್ನು ತೋರಿಸಬೇಡ, ಅದು ಅರಗಿದ ಮೇಲೆ ಬರುವ ಕೆಲಸವನ್ನು ತೋರಿಸು.

ಎಪಿಕ್ಯೂರಸ್‌ನ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಸುಖವೇ ಗುರಿ ಅಂದವನು, ಅದಕ್ಕೇ ಭೋಗಿ ಅಂತ ಹೆಸರು ಕೆಟ್ಟಿದೆ. ಅವನು ಪಾಠ ಹೇಳುತ್ತಿದ್ದ ತೋಟದಲ್ಲಿ ಊಟ ಅಂದರೆ ರೊಟ್ಟಿ, ನೀರು. ಒಂದು ಚಿಕ್ಕ ಗಡಿಗೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬ ಮಾಡುತ್ತೇನೆ ಅಂತ ಗೆಳೆಯನಿಗೆ ಬರೆದ. ಆ ತೋಟಕ್ಕೆ ಹೆಂಗಸರೂ ಗುಲಾಮರೂ ಬರುತ್ತಿದ್ದರು. ನಾನು ಹೇಳಿದ್ದನ್ನು ಹಗಲೂ ರಾತ್ರಿ, ಒಬ್ಬನೇ ಮತ್ತು ನಿನ್ನಂಥವನ ಜೊತೆ, ರೂಢಿ ಮಾಡು ಅನ್ನುವುದು ಅವನ ಉಪದೇಶ. ಮೂತ್ರದಲ್ಲಿ ಕಲ್ಲು ಕಟ್ಟಿ ನರಳುತ್ತಾ ಸಾಯುವ ದಿನ ಅವನು ಬರೆದ ಪತ್ರ ಉಳಿದಿದೆ. ನನ್ನ ಬಾಳಿನ ಈ ಸುಖದ ದಿನ, ಕೊನೆಯ ದಿನ, ಬರೆಯುತ್ತಿದ್ದೇನೆ ಅನ್ನುತ್ತಾನೆ. ನೋವು ಇದಕ್ಕಿಂತ ಹೆಚ್ಚಾಗಲಾರದು, ಅದರ ಎದುರಿಗೆ ನಾವು ಆಡಿದ ಮಾತುಗಳ ನೆನಪಿನ ಸಂತೋಷವನ್ನು ನಿಲ್ಲಿಸಿದ್ದೇನೆ. ತೀರಿಕೊಂಡ ಗೆಳೆಯನ ಮಕ್ಕಳನ್ನು ನೋಡಿಕೋ. ಪತ್ರ ಅಲ್ಲಿಗೆ ಮುಗಿಯುತ್ತದೆ.

ಇಲ್ಲಿಗೆ ನಾನು ಮಾತು ನಿಲ್ಲಿಸಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು. "ಸಾಕ್ರಟೀಸ್ ಜೈಲಿನಿಂದ ತಪ್ಪಿಸಿಕೊಳ್ಳಬಹುದಿತ್ತಂತೆ. ಹೆಂಡತಿ ಮಕ್ಕಳ ಗತಿ ಯೋಚಿಸದೆ ವಿಷ ಕುಡಿದವನದು ಎಂಥ ತಿಳಿವಳಿಕೆ ಸರ್?" ಅಂತ ಕೇಳಿದರು.

ಈ ಪ್ರಶ್ನೆ ನನ್ನನ್ನೂ ಕಾಡಿದೆ ಅಮ್ಮಾ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ಕೋರ್ಟು ಮರಣದಂಡನೆ ಕೊಟ್ಟಾಗ ಅವನಿಗೆ 70 ವರ್ಷ. ಮೂವರು ಗಂಡುಮಕ್ಕಳು, ಇಬ್ಬರು ಇನ್ನೂ ಚಿಕ್ಕವರು. ಕೊನೆಯ ದಿನ ಬೆಳಿಗ್ಗೆ ಹೆಂಡತಿ ಕ್ಸಾಂತಿಪ್ಪೆ ಮಗುವನ್ನು ಎತ್ತಿಕೊಂಡು ಜೈಲಿನಲ್ಲಿದ್ದಳು. ಗೆಳೆಯರು ಬಂದಾಗ ಗಟ್ಟಿಯಾಗಿ ಅತ್ತಳು. ಅವಳನ್ನು ಯಾರಾದರೂ ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟ ಸಾಕ್ರಟೀಸ್. ಆ ಸಾಲು ನನಗೆ ನೋವು ಕೊಡುತ್ತದೆ. ನಿಮ್ಮ ಪ್ರಶ್ನೆಯನ್ನೇ ಗೆಳೆಯ ಕ್ರಿಟೋ ಕೇಳಿದ, ಮಕ್ಕಳನ್ನು ಸಾಕುವ ಹೊಣೆ ಹೊರಲಾರದವನು ಹುಟ್ಟಿಸಬಾರದು ಅಂದ. ಕೋರ್ಟಿನಲ್ಲಿ ಸಾಕ್ರಟೀಸ್ ಮಕ್ಕಳ ಬಗ್ಗೆ ಕೇಳಿಕೊಂಡದ್ದು ಇಷ್ಟು. ಅವರು ದೊಡ್ಡವರಾದಾಗ ಅರೆತೆಗಿಂತ ದುಡ್ಡನ್ನು ಜಾಸ್ತಿ ಹಚ್ಚಿಕೊಂಡರೆ, ನಾನು ನಿಮ್ಮನ್ನು ಪೀಡಿಸಿದ ಹಾಗೆ ನೀವು ಅವರನ್ನು ಪೀಡಿಸಿ.

ಅವನು ಯಾಕೆ ಓಡಲಿಲ್ಲ ಅನ್ನುವುದಕ್ಕೆ ಅವನೇ ಕೊಟ್ಟ ವಾದಗಳಿವೆ. ಆದರೆ ನನಗೆ ಕಾಣುವುದು ಬೇರೆ. 424ರಲ್ಲಿ ಡೀಲಿಯಮ್ಮಿನಿಂದ ಅವನು ಓಡದೆ ನಡೆದ. 406ರಲ್ಲಿ ಸಮುದ್ರಯುದ್ಧ ಗೆದ್ದು ಬಂದ ಸೇನಾಪತಿಗಳನ್ನು ಕಾನೂನು ಮೀರಿ ಒಟ್ಟಿಗೆ ವಿಚಾರಣೆ ಮಾಡಲು ಜನ ಕೂಗಿದಾಗ, ಆ ದಿನ ಸಭೆ ನಡೆಸುವವರಲ್ಲಿ ಇವನೂ ಇದ್ದ. ಇವನೊಬ್ಬನೇ ಆಗುವುದಿಲ್ಲ ಅಂದ. ಅದು ಫಲಿಸಲಿಲ್ಲ, ಆರು ಜನರನ್ನು ಕೊಂದರು. ಮೂವತ್ತು ಜನರ ಕ್ರೂರ ಆಡಳಿತ ಬಂದಾಗ ಸಲಾಮಿಸ್‌ನ ಲಿಯಾನ್ ಎಂಬವನನ್ನು ಹಿಡಿದು ತನ್ನಿ ಅಂತ ಐವರಿಗೆ ಆಜ್ಞೆಯಾಯಿತು. ನಾಲ್ವರು ಹೋದರು. ಸಾಕ್ರಟೀಸ್ ಮನೆಗೆ ಹೋದ. ಜ್ಞಾನವೊಂದೇ ಸಾಕು ಅಂದವನು ಸಾಕ್ರಟೀಸ್, ರೂಢಿ ಬೇಕು ಅಂದವನು ಅರಿಸ್ಟಾಟಲ್. ಆದರೆ ಆ ರೂಢಿಗೆ ಸಾಕ್ರಟೀಸನ ಬಾಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜೈಲಿನಲ್ಲಿ ಅವನು ಹೊಸದಾಗಿ ಏನನ್ನೂ ತೀರ್ಮಾನಿಸಬೇಕಿರಲಿಲ್ಲ.

ಒಂದು ದೃಶ್ಯ ಹೇಳಿ ಕೂರುತ್ತೇನೆ. ಡೆಲೋಸ್ ದ್ವೀಪಕ್ಕೆ ಹೋದ ಪವಿತ್ರ ಹಡಗು ವಾಪಸು ಬರುವವರೆಗೆ ಅಥೆನ್ಸಿನಲ್ಲಿ ಯಾರನ್ನೂ ಕೊಲ್ಲುವಂತಿರಲಿಲ್ಲ. ಹಡಗು ಹತ್ತಿರ ಬಂದಿದೆ ಅನ್ನುವ ಸುದ್ದಿ ಹಿಡಿದು ಕ್ರಿಟೋ ಇನ್ನೂ ಬೆಳಗಾಗುವ ಮುಂಚೆ ಜೈಲಿಗೆ ಬರುತ್ತಾನೆ. ಕಾವಲುಗಾರನಿಗೆ ಅವನ ಪರಿಚಯವಿದೆ, ಒಳಗೆ ಬಿಡುತ್ತಾನೆ. ಸಾಕ್ರಟೀಸ್ ನಿದ್ದೆ ಮಾಡುತ್ತಿದ್ದಾನೆ. ಕ್ರಿಟೋ ಎಬ್ಬಿಸುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂರುತ್ತಾನೆ. ಎಚ್ಚರವಾದ ಮೇಲೆ ಸಾಕ್ರಟೀಸ್ ಕೇಳುತ್ತಾನೆ, ಬಂದು ಎಷ್ಟು ಹೊತ್ತಾಯಿತು? ತುಂಬಾ ಹೊತ್ತಾಯಿತು. ಮತ್ತೆ ಯಾಕೆ ಎಬ್ಬಿಸಲಿಲ್ಲ? ನೀನು ಎಷ್ಟು ಹಿತವಾಗಿ ಮಲಗಿದ್ದೆ ಅಂತ ನೋಡುತ್ತಾ ಕೂತಿದ್ದೆ ಅನ್ನುತ್ತಾನೆ ಕ್ರಿಟೋ. ನಿನ್ನ ಸ್ವಭಾವ ನೋಡಿ ನೀನು ಸುಖಿ ಅಂತ ಮೊದಲೂ ಎಷ್ಟೋ ಸಲ ಅಂದುಕೊಂಡಿದ್ದೆ, ಇವತ್ತು ಅದಕ್ಕಿಂತ ಜಾಸ್ತಿ. ಅಲ್ಲಿ ಕ್ರಿಟೋ ಬಳಸುವುದು ಯೂಡೈಮೋನಿಯದಿಂದಲೇ ಬಂದ ಕ್ರಿಯಾಪದ.